ಮುಂಬೈ, ಗೋವಾದಿಂದ ಕ್ರೂಸ್: ತಾರೀಕು ಗೊತ್ತುಮಾಡುವುದರಿಂದ ಲಗೇಜು ಇಳಿಸುವವರೆಗೆ ಸಮಗ್ರ ಮಾರ್ಗದರ್ಶಿ

ಕ್ರೂಸ್ ಮುಗಿಸಿ ಬಂದು ‘ದುಡ್ಡು ದಂಡ’ ಎನ್ನುವವರ ದೂರುಗಳನ್ನು ಒಂದೆಡೆ ಇಟ್ಟು ನೋಡಿದರೆ ಅವು ನಾಲ್ಕೈದೇ. ಜಾಹೀರಾತಿನ ಬೆಲೆಗೂ ಕಟ್ಟಿದ ಹಣಕ್ಕೂ ಸಂಬಂಧವೇ ಇರಲಿಲ್ಲ. ಕ್ಯಾಬಿನ್ನಿಗೆ ಕಿಟಕಿ ಇರಲಿಲ್ಲ. ಗೇಟಿನಲ್ಲಿ ಹೆಸರು ತಾಳೆಯಾಗಲಿಲ್ಲ. ರಾತ್ರಿಯಿಡೀ ವಾಂತಿ. ಗೋವಾದಲ್ಲಿ ಇಳಿದ ದಿನವೆಲ್ಲ ಟ್ಯಾಕ್ಸಿಯಲ್ಲೇ ಕಳೆಯಿತು. ಇವುಗಳಲ್ಲಿ ಹೆಚ್ಚಿನವು ಹಡಗು ಹೊರಡುವ ಮೊದಲೇ ಆಗಿಹೋದ ತಪ್ಪುಗಳು. ಆಫರ್ ಕಂಡ ತಕ್ಷಣ ದುಡ್ಡು ಕಟ್ಟಿ, ಆಮೇಲೆ ರಜೆ, ದಾಖಲೆ, ಕ್ಯಾಬಿನ್ ಎಂದು ಓಡಾಡುವುದೇ ಇದಕ್ಕೆಲ್ಲ ಮೂಲ. ಆದ್ದರಿಂದ ಇಲ್ಲಿ ಬೆಲೆಯ ಮಾತು ನಾಲ್ಕನೆಯ ಹಂತದಲ್ಲಿ ಬರುತ್ತದೆ. ದಯವಿಟ್ಟು ಅದೇ ಕ್ರಮದಲ್ಲಿ ಹೋಗಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಹೊರಡುವವರೆಲ್ಲರ ಗುರುತಿನ ಚೀಟಿಯ ಫೋಟೊ, ಒಂದು ಕ್ರೆಡಿಟ್ ಕಾರ್ಡ್, ಮನೆಯ ಹಿರಿಯರು ನಿತ್ಯ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ, ಲೆಕ್ಕ ಬರೆಯಲು ಒಂದು ಹಾಳೆ. ಜೊತೆಗೆ ಹಡಗಿನ ಡೆಕ್ ಪ್ಲ್ಯಾನ್, ಅಂದರೆ ಯಾವ ಮಹಡಿಯಲ್ಲಿ ಏನಿದೆ ಎಂದು ತೋರಿಸುವ ನಕ್ಷೆ. ಇದು ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನು ನೋಡದೆ ಕ್ಯಾಬಿನ್ ಆರಿಸುವುದೆಂದರೆ ದಿಕ್ಕು ಕೇಳದೆ ಫ್ಲ್ಯಾಟ್ ಕೊಂಡಂತೆ.

ಹಂತ 1: ತಿಂಗಳು ಮತ್ತು ದಾರಿ

ಪಶ್ಚಿಮ ಕರಾವಳಿಯಲ್ಲಿ ಕ್ರೂಸ್ ಕಾಲ ಸುಮಾರು ಅಕ್ಟೋಬರ್‌ನಿಂದ ಮೇವರೆಗೆ. ಮುಂಗಾರಿನ ನಾಲ್ಕು ತಿಂಗಳು ಅರಬ್ಬಿ ಸಮುದ್ರ ಸಂತೋಷಕ್ಕೆ ಹೋಗುವ ಜಾಗವಲ್ಲ. ಉಳಿದ ತಿಂಗಳೂ ಒಂದೇ ತರಹ ಇರುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲ ಎರಡು: ಮುಂಗಾರಿನ ಅಂಚಿನ ಮೇ–ಜೂನ್, ಮತ್ತೆ ಅಕ್ಟೋಬರ್–ನವೆಂಬರ್. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಗೋವಾ, ಮುಂಬೈ ಕರಾವಳಿಯ ಪಕ್ಕದಲ್ಲೇ ಹಾದುಹೋಗಿತ್ತು. ಮೊದಲ ಸಲ ಹೋಗುವವರಿಗೆ, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗಿನ ದಿನಗಳು ಒಳ್ಳೆಯವು. ಸಮುದ್ರ ಶಾಂತವಾಗಿರುತ್ತದೆ, ಹೊಸವರ್ಷದ ದುಬಾರಿ ದರವೂ ಇಳಿದಿರುತ್ತದೆ. ಶುಕ್ರವಾರ ಹೊರಡುವ ಹಡಗಿಗಿಂತ ವಾರದ ಮಧ್ಯೆ ಹೊರಡುವುದರಲ್ಲಿ ದರವೂ ಕಡಿಮೆ, ಗದ್ದಲವೂ ಕಡಿಮೆ.

ಮುಂಬೈನಿಂದ 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾರ್ಡೇಲಿಯಾ ಕ್ರೂಸಸ್‌ನ ‘ಎಂಪ್ರೆಸ್’ ಹಡಗು ಮುಂಬೈ–ಗೋವಾ, ಕೊಚ್ಚಿ, ಲಕ್ಷದ್ವೀಪ ಮುಂತಾದ ದಾರಿಗಳಲ್ಲಿ ಓಡಿದೆ. ಯಾವ ಕಂಪನಿಯದ್ದಾದರೂ ಸರಿ, ವೇಳಾಪಟ್ಟಿಯಲ್ಲಿ ನೋಡಬೇಕಾದ್ದು ಎಷ್ಟು ಊರು ಮುಟ್ಟುತ್ತದೆ ಎಂಬುದಲ್ಲ, ಬಂದರಿನಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದು. ‘ಹೈ ಸೀಸ್’ ಎಂದು ಬರೆದ ವಾರಾಂತ್ಯದ ಟ್ರಿಪ್ ಯಾವ ಊರನ್ನೂ ಮುಟ್ಟುವುದಿಲ್ಲ, ನಡುಸಮುದ್ರಕ್ಕೆ ಹೋಗಿ ಹಿಂದಿರುಗುತ್ತದೆ. ಅದು ತಪ್ಪೇನಲ್ಲ, ಆದರೆ ಗೋವಾ ನೋಡುವ ಆಸೆಯಿಂದ ಅದನ್ನು ಬುಕ್ ಮಾಡಬೇಡಿ.

ಎರಡು ರಾತ್ರಿಯ ಕ್ರೂಸ್ ಎಂದರೆ ಮೂರು ದಿನ ಎಂದು ಎಣಿಸಬಾರದು. ಮೊದಲ ದಿನ ಮಧ್ಯಾಹ್ನ ಹತ್ತಿ ಮೂರನೆಯ ದಿನ ಬೆಳಿಗ್ಗೆ ಇಳಿದರೆ ಕೈಗೆ ಸಿಗುವುದು ಸುಮಾರು ನಲವತ್ತು ಗಂಟೆ. ಅದರಲ್ಲಿ ಮೊದಲ ಅರ್ಧ ದಿನ ಕ್ಯಾಬಿನ್ ಹುಡುಕುವುದರಲ್ಲೇ ಕಳೆಯುತ್ತದೆ. ಬಜೆಟ್ ಒಂದೇ ಆದರೆ ಬಾಲ್ಕನಿಯಲ್ಲಿ ಎರಡು ರಾತ್ರಿಗಿಂತ ಸಾಧಾರಣ ಕ್ಯಾಬಿನ್‌ನಲ್ಲಿ ಮೂರು ರಾತ್ರಿ ಮೇಲು.

ಲಕ್ಷದ್ವೀಪದ ದಾರಿಗೆ ಒಂದು ಎಚ್ಚರಿಕೆ. ದೊಡ್ಡ ಹಡಗು ಅಲ್ಲಿ ದಡಕ್ಕೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಾಟಿಸುತ್ತಾರೆ. ಅಲೆ ಜೋರಾದರೆ ಇಳಿಯುವುದೇ ರದ್ದಾಗಬಹುದು. ಮಂಡಿನೋವಿನವರಿಗೆ ಹಡಗಿನಿಂದ ಆಡುವ ದೋಣಿಗೆ ಕಾಲಿಡುವುದು ಸುಲಭವಲ್ಲ, ಗಾಲಿಕುರ್ಚಿಯವರಿಗಂತೂ ಬಹುತೇಕ ಆಗದ ಮಾತು.

ಇನ್ನು ‘ಗೋವಾ ಕ್ರೂಸ್’ ಎಂದು ಹುಡುಕಿದರೆ ಮೊದಲು ಸಿಗುವುದು ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಹೊರಡುವ ಮಾಂಡವಿ ನದಿಯ ದೋಣಿವಿಹಾರ. ಒಂದು ಗಂಟೆ ಹಾಡು, ಕುಣಿತ, ಸೂರ್ಯಾಸ್ತ. ಕೆಲವು ನೂರು ರೂಪಾಯಿಗೆ ‘ಕ್ರೂಸ್’ ಸಿಕ್ಕಿತೆಂದು ಹಿಗ್ಗುವ ಮೊದಲು ಹೊರಡುವ ಜಾಗದ ಹೆಸರು ಓದಿ. ಸಮುದ್ರದ ಹಡಗು ನಿಲ್ಲುವುದು ವಾಸ್ಕೋದ ಮುರ್ಮುಗಾಂವ್ ಬಂದರಿನಲ್ಲಿ.

ಹಂತ 2: ಹೆಸರು ಮತ್ತು ದಾಖಲೆ

ನಮ್ಮವರು ಹೆಚ್ಚು ಎಡವುವುದು ಇಲ್ಲಿ, ಅದಕ್ಕೆ ಕಾರಣ ಇನಿಷಿಯಲ್. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರು ಪೂರ್ತಿ ಬಿಡಿಸಿ, ಪ್ಯಾನ್‌ನಲ್ಲಿ ಮತ್ತೊಂದು ರೀತಿ. ಏಜೆಂಟ್ ‘ಸರ್‌ನೇಮ್’ ಖಾಲಿ ಬಿಡಬಾರದೆಂದು ತಾನೇ ಏನೋ ತುಂಬುತ್ತಾನೆ. ಮದುವೆಯ ನಂತರ ಹೆಸರು ಬದಲಿಸಿದ ಹೆಣ್ಣುಮಕ್ಕಳ ಒಂದು ದಾಖಲೆ ತವರಿನ ಹೆಸರಿನಲ್ಲಿ, ಇನ್ನೊಂದು ಗಂಡನ ಹೆಸರಿನಲ್ಲಿ ಇರುತ್ತದೆ. ಪರಿಹಾರ ಸರಳ. ಗೇಟಿನಲ್ಲಿ ಯಾವ ಚೀಟಿ ತೋರಿಸುತ್ತೀರಿ ಎಂದು ಮೊದಲೇ ಗೊತ್ತುಮಾಡಿ, ಅದರಲ್ಲಿದ್ದಂತೆ ಅಕ್ಷರ ಅಕ್ಷರವೂ ಬುಕಿಂಗ್‌ನಲ್ಲಿ ಬರಲಿ. ಹೆಸರನ್ನು ಫೋನಿನಲ್ಲಿ ಹೇಳಬೇಡಿ, ಚೀಟಿಯ ಫೋಟೊ ಕಳುಹಿಸಿ. ಬುಕಿಂಗ್ ಪತ್ರ ಬಂದ ದಿನವೇ ಮತ್ತೆ ತಾಳೆ ನೋಡಿ. ಮೊದಲ ದಿನ ತಿದ್ದುವುದು ಸುಲಭ, ಪ್ರಯಾಣಿಕರ ಪಟ್ಟಿ ಬಂದರಿಗೆ ಹೋದ ಮೇಲೆ ಕಷ್ಟ.

ದೇಶದೊಳಗಿನ ಕ್ರೂಸ್‌ಗೆ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಸಾಕು, ಆದರೆ ಮೂಲ ಪ್ರತಿ ಕೈಯಲ್ಲಿರಲಿ. ಮಕ್ಕಳಿಗೆ ಆಧಾರ್ ಅಥವಾ ಜನನ ಪ್ರಮಾಣಪತ್ರ. ಮೊಮ್ಮಕ್ಕಳನ್ನು ಅಜ್ಜ ಅಜ್ಜಿ ಮಾತ್ರ ಕರೆದೊಯ್ಯುವುದಾದರೆ ತಂದೆತಾಯಿಯ ಸಹಿ ಇರುವ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ. ಆರು ತಿಂಗಳೊಳಗಿನ ಹಸುಗೂಸನ್ನೂ ಪ್ರಯಾಣದ ವೇಳೆ 24 ವಾರ ಮುಟ್ಟುವ ಗರ್ಭಿಣಿಯರನ್ನೂ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ವಾರದ ಲೆಕ್ಕ ಹಡಗಿನಿಂದ ಇಳಿಯುವ ದಿನದವರೆಗೆ ಹಾಕಬೇಕು, ಹತ್ತುವ ದಿನದವರೆಗೆ ಅಲ್ಲ.

ಸಿಂಗಪುರ, ದುಬೈಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಕ್ರೂಸ್ ಹಿಡಿಯುವವರು ಇನ್ನೂ ಮೂರು ವಿಷಯ ನೋಡಬೇಕು. ಒಂದು, ಪಾಸ್‌ಪೋರ್ಟಿಗೆ ಪ್ರಯಾಣ ಮುಗಿದ ಮೇಲೂ ಆರು ತಿಂಗಳ ಅವಧಿ ಉಳಿದಿರಲಿ. ಎರಡು, ಹಡಗು ಬೇರೆ ದೇಶಕ್ಕೆ ಹೋಗಿ ಹೊರಟ ಬಂದರಿಗೇ ಮರಳಿದರೆ ಆ ದೇಶಕ್ಕೆ ನೀವು ಎರಡನೇ ಸಲ ಪ್ರವೇಶಿಸಿದಂತೆ, ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲದು. ಮೂರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾಕ್ಕೆ ಅಡ್ಡಿ ಮಾಡುತ್ತಿದೆ. ದುಬೈ ಕ್ರೂಸ್ ಯೋಚನೆಯಿದ್ದರೆ ಮೊದಲು ಆ ಪುಟ ತೆರೆದು ನೋಡಿ. ವಿದೇಶಿ ಪ್ಯಾಕೇಜ್‌ಗೆ ಏಜೆಂಟ್ ಟಿಸಿಎಸ್, ಅಂದರೆ ಮಾರುವಾಗಲೇ ಸಂಗ್ರಹಿಸುವ ತೆರಿಗೆ, ವಸೂಲಿ ಮಾಡುತ್ತಾನೆ. ಅದು ನಷ್ಟವಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಪ್ಯಾನ್ ಸರಿಯಾಗಿ ಕೊಟ್ಟಿರಬೇಕು.

ಹಂತ 3: ಕ್ಯಾಬಿನ್ ಆಯ್ಕೆ

ವಿಧಗಳು ನಾಲ್ಕು: ಕಿಟಕಿಯಿಲ್ಲದ ಇಂಟೀರಿಯರ್, ತೆರೆಯಲಾಗದ ಕಿಟಕಿಯ ಓಷನ್ ವ್ಯೂ, ಬಾಲ್ಕನಿ, ಸೂಟ್. ಇಂಟೀರಿಯರ್‌ನಲ್ಲಿ ದೀಪ ಆರಿಸಿದರೆ ಹಗಲಲ್ಲೂ ಅಮಾವಾಸ್ಯೆ. ಮಲಗಲು ಮಾತ್ರ ಹೋಗುವವರಿಗೆ ಅಡ್ಡಿಯಿಲ್ಲ, ಉಸಿರು ಕಟ್ಟಿದಂತಾಗುವ ಸ್ವಭಾವದವರಿಗೆ ಬೇಡ. ‘ಎಂಪ್ರೆಸ್’ 1990ರ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಕ್ಯಾಬಿನ್‌ಗಳು ಸಣ್ಣವು. ಜಾಹೀರಾತಿನ ಚಿತ್ರ ವಿಶಾಲ ಕೋನದ ಲೆನ್ಸ್‌ನದು ಎಂಬುದನ್ನು ಮರೆಯಬೇಡಿ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಒಂದೇ ಕ್ಯಾಬಿನ್‌ನಲ್ಲಿ ಎಂದರೆ ಒಬ್ಬರು ನಿಂತರೆ ಮೂವರು ಕೂರಬೇಕು.

ವಿಧಕ್ಕಿಂತ ಮುಖ್ಯವಾದದ್ದು ಜಾಗ. ಹಡಗು ಅಕ್ಕಪಕ್ಕ ಹೊಯ್ದಾಡುತ್ತದೆ, ಹಿಂದೆ ಮುಂದೆ ಏಳುತ್ತ ಬೀಳುತ್ತದೆ. ಎರಡೂ ಕಡಿಮೆ ಇರುವುದು ಕೆಳಗಿನ ಡೆಕ್‌ನಲ್ಲಿ, ಉದ್ದದ ನಟ್ಟನಡುವೆ. ಪಕ್ಕದಲ್ಲಿ ಚಾಚಿರುವ ರೆಕ್ಕೆಯಂಥ ಸ್ಟೆಬಿಲೈಸರ್ ಅಕ್ಕಪಕ್ಕದ ಹೊಯ್ದಾಟ ತಗ್ಗಿಸುತ್ತದೆ, ಮುಂದೆ ಹಿಂದೆ ಏಳುಬೀಳುವುದನ್ನು ತಡೆಯಲಾರದು. ಮೇಲಿನ ಡೆಕ್‌ನ ಮೂತಿಯ ಕಡೆಯ ಕ್ಯಾಬಿನ್ ನೋಟಕ್ಕೆ ಚೆನ್ನ, ಹೊಟ್ಟೆಗೆ ಕೆಟ್ಟದ್ದು.

ಡೆಕ್ ಪ್ಲ್ಯಾನ್‌ನಲ್ಲಿ ನಿಮ್ಮ ಕ್ಯಾಬಿನ್ನಿನ ಮೇಲೆ, ಕೆಳಗೆ, ಪಕ್ಕ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಕೆಳಗೆ ನೈಟ್‌ಕ್ಲಬ್ ಇದ್ದರೆ ತಡರಾತ್ರಿಯವರೆಗೆ ಡಬಡಬ. ತೀರ ಹಿಂಬದಿಯಲ್ಲಿ ಎಂಜಿನ್ ನಡುಕ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಜಾಗ ನಿದ್ದೆಗೆ ಒಳ್ಳೆಯದು. ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಎಂದಿದ್ದರೆ ಕಿಟಕಿಯ ಎದುರಿಗೆ ಸಮುದ್ರದ ಬದಲು ಲೈಫ್‌ಬೋಟ್ ತೂಗುತ್ತಿರುತ್ತದೆ. ‘ಗ್ಯಾರಂಟಿ ಕ್ಯಾಬಿನ್’ ಎಂದಿದ್ದರೆ ವಿಧ ಮಾತ್ರ ಖಾತರಿ, ನಂಬರನ್ನು ಕಂಪನಿಯೇ ಕೊನೆಗೆ ಆರಿಸುತ್ತದೆ. ಜೊತೆಗಿರುವವರು ಅಕ್ಕಪಕ್ಕದಲ್ಲಿ ಇರಬೇಕೆಂದರೆ ಇದನ್ನು ಮುಟ್ಟಬೇಡಿ.

ಯಾವ ಬದಿ? ಮುಂಬೈನಿಂದ ಗೋವಾಕ್ಕೆ ಹಡಗು ದಕ್ಷಿಣಕ್ಕೆ ಹೋಗುತ್ತದೆ. ಮೂತಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಕೊಂಕಣದ ದಡ, ಬಲಕ್ಕೆ ಸೂರ್ಯಾಸ್ತ. ಹಿಂದಿರುಗುವಾಗ ಇದು ಅದಲುಬದಲು. ಹೊರಡುವ ಸಂಜೆಯ ಸೂರ್ಯಾಸ್ತವೇ ಬೇಕೆಂದರೆ ಬಲಬದಿ, ಅಂದರೆ ಸ್ಟಾರ್‌ಬೋರ್ಡ್ ಕೇಳಿ.

ಹಂತ 4: ಪೂರ್ತಿ ಬೆಲೆಯ ಲೆಕ್ಕ

ಈಗ ಹಾಳೆ ತೆಗೆಯಿರಿ. ಜಾಹೀರಾತಿನಲ್ಲಿರುವುದು ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಬೀಳುವ ಮೂಲ ದರ. ಅದರ ಕೆಳಗೆ ಒಂದೊಂದೇ ಸಾಲು ಸೇರಿಸಿ:

– ಬಂದರು ಶುಲ್ಕ: ತಲೆಗಿಷ್ಟು, ಮಕ್ಕಳಿಗೂ ಇರುತ್ತದೆ.
– ಸೇವಾ ಶುಲ್ಕ ಅಥವಾ ಗ್ರಾಚ್ಯುಯಿಟಿ: ಸಾಮಾನ್ಯವಾಗಿ ತಲೆಗೆ, ರಾತ್ರಿಗೆ ಇಷ್ಟೆಂದು. ಬುಕ್ ಮಾಡುವಾಗಲೇ ಸೇರಿದೆಯೋ ಹಡಗಿನಲ್ಲಿ ಕಟ್ಟಬೇಕೋ ಕೇಳಿ.
– ಇಂಧನದ ಹೆಚ್ಚುವರಿ ಶುಲ್ಕ, ಇದ್ದರೆ.
– ಜಿಎಸ್‌ಟಿ.
– ಹಡಗಿನ ಮೇಲಿನ ಖರ್ಚು: ಮದ್ಯ, ತಂಪು ಪಾನೀಯ, ಹೆಚ್ಚುವರಿ ರೆಸ್ಟೋರೆಂಟ್, ವೈಫೈ, ಸ್ಪಾ, ಕೆಲವು ಪ್ರದರ್ಶನಗಳು.
– ದಡದ ಖರ್ಚು: ಬಂದರಿಗೆ ಹೋಗಿಬರುವ ಟ್ಯಾಕ್ಸಿ, ಗೋವಾದ ಸುತ್ತಾಟ, ಬೇಕಾದರೆ ಹಿಂದಿನ ರಾತ್ರಿಯ ವಸತಿ.

‘ಮೂರನೆಯವರಿಗೂ ನಾಲ್ಕನೆಯವರಿಗೂ ಉಚಿತ’ ಎಂಬ ಆಫರ್‌ನಲ್ಲಿ ಉಚಿತವಾಗುವುದು ಮೊದಲ ಸಾಲು ಮಾತ್ರ, ಉಳಿದ ಸಾಲುಗಳು ಅವರಿಗೂ ಬೀಳುತ್ತವೆ. ಅವರ ಹಾಸಿಗೆಯೂ ಗೋಡೆಯಿಂದ ಮಡಚಿ ಇಳಿಸುವ ಮೇಲಿನ ಬರ್ತ್, ರೈಲಿನ ಅಪ್ಪರ್ ಬರ್ತ್ ಹಾಗೆ. ಮಕ್ಕಳಿಗೆ ಖುಷಿ, ಅತ್ತೆಮಾವಂದಿರಿಗೆ ಹಿಂಸೆ. ಒಬ್ಬರೇ ಹೋಗುವುದಾದರೆ ಇಡೀ ಕ್ಯಾಬಿನ್ನಿನ ದರಕ್ಕೆ ಹತ್ತಿರ ಬೀಳುತ್ತದೆ.

ನಂತರ ರದ್ದತಿ ನಿಯಮ ಓದಿ. ಹೊರಡುವ ದಿನ ಹತ್ತಿರವಾದಂತೆ ಕಡಿತ ಏರುತ್ತ ಕೊನೆಗೆ ಒಂದು ಪೈಸೆಯೂ ಮರಳಿ ಬರದ ದಿನವೊಂದು ಇರುತ್ತದೆ. ಆ ತಾರೀಕನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದಿಡಿ. ಹವಾಮಾನದಿಂದ ಒಂದು ಬಂದರು ಬಿಟ್ಟುಹೋದರೆ ಸಾಮಾನ್ಯವಾಗಿ ಆ ಬಂದರಿನ ಶುಲ್ಕ ಬಿಟ್ಟು ಬೇರೇನೂ ವಾಪಸ್ ಬರುವುದಿಲ್ಲ. ಒಪ್ಪಂದದಲ್ಲಿ ಅದಕ್ಕೆ ಸಹಿ ಹಾಕಿಯೇ ಹತ್ತಿರುತ್ತೀರಿ. ಹಡಗಿನ ವೈದ್ಯರು ಪ್ರತ್ಯೇಕವಾಗಿ, ಚೆನ್ನಾಗಿಯೇ, ಬಿಲ್ ಮಾಡುತ್ತಾರೆ. ಆದ್ದರಿಂದ ಪ್ರಯಾಣ ವಿಮೆ ಕೊಳ್ಳುವಾಗ ಹಡಗಿನ ಮೇಲಿನ ಚಿಕಿತ್ಸೆ, ತುರ್ತಾಗಿ ದಡಕ್ಕೆ ಸಾಗಿಸುವ ಖರ್ಚು ಎರಡೂ ಸೇರಿವೆಯೇ ಎಂದು ಕೇಳಿ ತೆಗೆದುಕೊಳ್ಳಿ.

ಹಂತ 5: ಹಣ ಕಟ್ಟುವುದು, ಮೋಸದ ಗುರುತುಗಳು

ಕಂಪನಿಯ ವೆಬ್‌ಸೈಟಿನಲ್ಲಿ ಕ್ಯಾಬಿನ್ ನಂಬರ್ ಸಹಿತ ದರ ನೋಡಿ, ಆಮೇಲೆ ಏಜೆಂಟರನ್ನು ಕೇಳಿ. ಒಳ್ಳೆಯ ಏಜೆಂಟರಿಂದ ಲಾಭವಿದೆ: ಐದಾರು ಕುಟುಂಬ ಒಟ್ಟಿಗೆ ಹೋಗುವಾಗ ಅಕ್ಕಪಕ್ಕದ ಕ್ಯಾಬಿನ್, ಜೈನ ಅಥವಾ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಗಾಲಿಕುರ್ಚಿ, ಎಲ್ಲವನ್ನೂ ಅವರೇ ಬರೆಸುತ್ತಾರೆ. ಆದರೆ ಇವು ಕಂಡರೆ ಹಿಂದೆ ಸರಿಯಿರಿ: ‘ಇವತ್ತು ಸಂಜೆಯೊಳಗೆ’ ಎಂಬ ಒತ್ತಡ, ವ್ಯಕ್ತಿಯ ಹೆಸರಿನ ಯುಪಿಐ ಖಾತೆಗೆ ಪೂರ್ತಿ ಹಣ, ಜಿಎಸ್‌ಟಿ ನಂಬರ್ ಇಲ್ಲದ ರಸೀದಿ, ಕಂಪನಿಯ ದರಕ್ಕಿಂತ ಅರ್ಧಕ್ಕೆ ಸಿಗುವ ಬಾಲ್ಕನಿ.

ಹಣ ಕಟ್ಟಿದ 24 ಗಂಟೆಯೊಳಗೆ ಬುಕಿಂಗ್ ನಂಬರ್ ತರಿಸಿಕೊಂಡು, ಏಜೆಂಟ್ ಕೊಟ್ಟ ಫೋನಿಗಲ್ಲ, ಹಡಗಿನ ಕಂಪನಿಯ ವೆಬ್‌ಸೈಟಿನಲ್ಲಿರುವ ಫೋನಿಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಚಂದದ ಪಿಡಿಎಫ್ ಯಾರು ಬೇಕಾದರೂ ಮಾಡಬಹುದು. ಸಾಧ್ಯವಿದ್ದಷ್ಟು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ, ತಕರಾರು ಬಂದರೆ ಬ್ಯಾಂಕಿಗೆ ದೂರು ಕೊಡಲು ದಾರಿ ಇರುತ್ತದೆ.

ಹಂತ 6: ಹೊರಡುವ ವಾರ

ವೆಬ್ ಚೆಕ್‌ಇನ್ ತೆರೆದ ದಿನವೇ ಮುಗಿಸಿ, ಬೋರ್ಡಿಂಗ್ ಪಾಸ್ ಮತ್ತು ಲಗೇಜು ಚೀಟಿ ಮುದ್ರಿಸಿಕೊಳ್ಳಿ. ಬೇಗ ಮಾಡಿದವರಿಗೆ ಬೇಗ ಹತ್ತುವ ಸಮಯ ಸಿಗುತ್ತದೆ.

ತರಬಾರದ ವಸ್ತುಗಳ ಪಟ್ಟಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ಆದರೆ ಬೆಂಕಿಗೆ ಸಂಬಂಧಿಸಿದವು ಎಲ್ಲೂ ಇಲ್ಲ: ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ. ಬೆಳಗಿನ ಪೂಜೆಗೆಂದು ಊದುಬತ್ತಿ, ಕರ್ಪೂರ ಇಟ್ಟುಕೊಂಡವರೂ ಬ್ಯಾಗ್ ಬಿಚ್ಚಬೇಕಾಗುತ್ತದೆ. ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರುವುದು ಬೆಂಕಿಗೇ. ಹೊರಗಿನ ಮದ್ಯ, ಡ್ರೋನ್, ಮನೆಯಡುಗೆ ಕೂಡ ಸಾಮಾನ್ಯವಾಗಿ ಬಿಡುವುದಿಲ್ಲ. ಪುಳಿಯೋಗರೆ ಡಬ್ಬಿ ಗೇಟಿನ ಕಸದ ಬುಟ್ಟಿಗೆ ಹೋಗುವುದನ್ನು ನೋಡುವ ಬದಲು ಟ್ಯಾಕ್ಸಿಯಲ್ಲೇ ಮುಗಿಸಿಬಿಡಿ. ಅಂಗಡಿಯ ಸೀಲ್ ಮಾಡಿದ ಬಿಸ್ಕತ್ತು, ಚಕ್ಕುಲಿಗೆ ಅವಕಾಶವಿದೆಯೇ ಎಂದು ಮೊದಲೇ ಕೇಳಿ.

ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಂಡು ಸಂಜೆಯ ಹೊತ್ತಿಗೆ ಕ್ಯಾಬಿನ್ ಬಾಗಿಲಿಗೆ ತಂದಿಡುತ್ತಾರೆ. ಅಲ್ಲಿಯವರೆಗೆ ಬೇಕಾಗುವ ಔಷಧಿ, ದಾಖಲೆ, ಚಾರ್ಜರ್, ಈಜುಡುಗೆ, ತೆಳು ಸ್ವೆಟರ್ ಕೈಚೀಲದಲ್ಲಿರಲಿ. ಹಡಗಿನ ಒಳಗೆ ಎಸಿ ಜೋರು.

ಹೊರಡುವ ಮೂರು ದಿನ ಮುಂಚೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ (INCOIS) ವೆಬ್‌ಸೈಟಿನಲ್ಲಿ ಅಲೆಯ ಎತ್ತರದ ಮುನ್ಸೂಚನೆ ನೋಡಿ. ಒಂದೂವರೆ ಮೀಟರಿನೊಳಗಿದ್ದರೆ ದೊಡ್ಡ ಹಡಗಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗದು. ಎರಡೂವರೆ ದಾಟಿದರೆ ಎಂಟನೆಯ ಹಂತವನ್ನು ಎರಡು ಸಲ ಓದಿ.

ಹಂತ 7: ಬಂದರಿಗೆ ಹೋಗುವುದು, ಹಡಗು ಹತ್ತುವುದು

ಮುಂಬೈನಲ್ಲಿ ಹಡಗು ಹೊರಡುವುದು ಬಲ್ಲಾರ್ಡ್ ಪಿಯರ್‌ನಿಂದ. ಅಲ್ಲಿನ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಟ್ಯಾಕ್ಸಿಯವರಿಗೆ ‘ಬೋಟ್’ ಎಂದರೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಒಯ್ಯುತ್ತಾರೆ, ಇಲ್ಲವೇ ಭಾವೂಚಾ ಧಕ್ಕಾಕ್ಕೆ. ಮೊದಲನೆಯದು ಎಲಿಫೆಂಟಾ ದೋಣಿಗಳ ಜಾಗ, ಎರಡನೆಯದು ಮಾಂಡ್ವಾ ಕಡೆಯ ಫೆರಿಯದು. ಟಿಕೆಟ್ಟಿನಲ್ಲಿ ಬರೆದ ಗೇಟಿನ ಹೆಸರನ್ನೇ ಹೇಳಿ.

ಡೊಂಬಿವಲಿ, ಠಾಣೆ, ಮುಲುಂದ್ ಕಡೆಯವರು ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯುವುದೇ ಸುಲಭ. ಭಾನುವಾರವಾದರೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಎಲ್ಲಿಂದ ಎಲ್ಲಿಗೆ ಎಂದು ಹಿಂದಿನ ದಿನ ನೋಡಿ. ವಿಮಾನ ನಿಲ್ದಾಣದ ಕಡೆಯಿಂದ ಮೆಟ್ರೊ 3ರ ದಾರಿ ನೇರ ಸಿಎಸ್‌ಎಂಟಿಗೆ ಬರುತ್ತದೆ, ಆದರೆ ದೊಡ್ಡ ಲಗೇಜಿದ್ದರೆ ಟ್ಯಾಕ್ಸಿಯೇ ಸರಿ. ಪುಣೆಯವರಿಗೆ ಬೆಳಿಗ್ಗೆ 7:15ಕ್ಕೆ ಹೊರಡುವ ಡೆಕ್ಕನ್ ಕ್ವೀನ್ 10:25ಕ್ಕೆ ಸಿಎಸ್‌ಎಂಟಿ ಮುಟ್ಟಿಸುತ್ತದೆ, ಮಧ್ಯಾಹ್ನ ಹತ್ತುವುದಕ್ಕೆ ಹೇಳಿಮಾಡಿಸಿದ ಹೊತ್ತು. ಕಾರಿನಲ್ಲಿ ಬರುವವರು ಶನಿವಾರದ ಖಂಡಾಲಾ ಘಾಟ್ ನಂಬಿ ಎರಡೂವರೆ ಗಂಟೆಯ ಲೆಕ್ಕ ಹಾಕಬಾರದು.

ಗೋವಾದಿಂದ ಹತ್ತುವವರಿಗೆ ಎರಡು ವಿಮಾನ ನಿಲ್ದಾಣಗಳ ಗೊಂದಲ. ಮುರ್ಮುಗಾಂವ್ ಬಂದರಿಗೆ ಹತ್ತಿರದ್ದು ದಾಬೋಲಿಂ. ಮೋಪಾ ಉತ್ತರದ ತುದಿಯಲ್ಲಿದೆ, ಅಲ್ಲಿಂದ ವಾಸ್ಕೋಕ್ಕೆ ಒಂದೂವರೆ ಗಂಟೆಗೂ ಮೇಲೆ ಇಟ್ಟುಕೊಳ್ಳಿ. ಪುಣೆ, ಮೀರಜ್, ಬೆಳಗಾವಿ ಕಡೆಯಿಂದ ಬರುವ ಗೋವಾ ಎಕ್ಸ್‌ಪ್ರೆಸ್ ನೇರ ವಾಸ್ಕೋಕ್ಕೇ ಬರುತ್ತದೆ. ಕೊಂಕಣ ರೈಲಿನವರು ಮಡಗಾಂವ್‌ನಲ್ಲಿ ಇಳಿದು ರಸ್ತೆ ಹಿಡಿಯಬೇಕು.

ಹಡಗು ಹೊರಡುವ ಸಮಯವೇ ಬೇರೆ, ಗೇಟು ಮುಚ್ಚುವ ಸಮಯವೇ ಬೇರೆ. ಎರಡನೆಯದು ಒಂದೆರಡು ಗಂಟೆ ಮೊದಲಿರುತ್ತದೆ. ರೈಲಿನ ಹಾಗೆ ಓಡಿಬಂದು ಹಿಡಿಯಲು ಬರುವುದಿಲ್ಲ.

ಹತ್ತಿದ ಮೇಲೆ ಮೊದಲ ನಾಲ್ಕು ಗಂಟೆಯ ಕೆಲಸಗಳು ಈ ಕ್ರಮದಲ್ಲಿ. ಎಲ್ಲರೂ ಬಫೆಗೆ ನುಗ್ಗುವಾಗ ನೀವು ರಾತ್ರಿ ಊಟದ ಪಾಳಿ, ಪ್ರದರ್ಶನದ ಸೀಟು ಕಾಯ್ದಿರಿಸಿ. ಒಳಗಿನ ಖರ್ಚಿಗೆಂದು ಕೊಡುವ ಹಡಗಿನ ಕಾರ್ಡಿಗೆ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸುವುದನ್ನು ದಡದ ಸಿಗ್ನಲ್ ಇರುವಾಗಲೇ ಮುಗಿಸಿ. ನಡುಸಮುದ್ರದಲ್ಲಿ ಓಟಿಪಿ ಬರುವುದಿಲ್ಲ, ಯುಪಿಐ ಓಡುವುದಿಲ್ಲ. ಮಕ್ಕಳ ಕಾರ್ಡಿನಲ್ಲಿ ಖರ್ಚು ಬಂದ್ ಮಾಡಿಸಿ, ಇಲ್ಲವಾದರೆ ಆಟದ ಯಂತ್ರಗಳ ಬಿಲ್ ಕೊನೆಯ ದಿನ ಕಾಣುತ್ತದೆ. ನಂತರ ಸುರಕ್ಷತಾ ಕವಾಯತು. ಅಂತಾರಾಷ್ಟ್ರೀಯ ನಿಯಮದಂತೆ ಇದು ಕಡ್ಡಾಯ. ಏಳು ಸಲ ಸಣ್ಣದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ನಿಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ತುರ್ತಿನಲ್ಲಿ ಸೇರಬೇಕಾದ ಜಾಗಕ್ಕೆ, ಹೋಗಬೇಕು. ಅದು ಎಲ್ಲಿದೆ ಎಂಬುದು ಕ್ಯಾಬಿನ್ ಬಾಗಿಲ ಹಿಂದೆ ಬರೆದಿರುತ್ತದೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಒಮ್ಮೆ ಹೋಗಿ ಬನ್ನಿ.

ಹಡಗು ಬಿಟ್ಟ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಅದರ ರೋಮಿಂಗ್ ದರ ಟಿಕೆಟ್ಟನ್ನೇ ನಾಚಿಸುತ್ತದೆ. ಕಮೋಡ್‌ಗೆ ಪೇಪರ್ ಬಿಟ್ಟು ಬೇರೇನೂ ಹಾಕಬೇಡಿ; ಅದು ಗಾಳಿ ಎಳೆತದ ವ್ಯವಸ್ಥೆ, ಒಂದು ಕಡೆ ಕಟ್ಟಿಕೊಂಡರೆ ಅಕ್ಕಪಕ್ಕದ ಕ್ಯಾಬಿನ್‌ಗಳೂ ನಿಲ್ಲುತ್ತವೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ವಾಂತಿಭೇದಿಯ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ.

ಹಂತ 8: ಹೊಟ್ಟೆ ತೊಳಸುವುದಕ್ಕೆ ಮೊದಲೇ

ಕಣ್ಣು ‘ಕೋಣೆ ನಿಂತಿದೆ’ ಎನ್ನುತ್ತದೆ, ಒಳಕಿವಿ ‘ಅಲುಗಾಡುತ್ತಿದೆ’ ಎನ್ನುತ್ತದೆ. ಈ ಜಗಳವೇ ಕಡಲ ಕಾಯಿಲೆ. ಘಾಟ್ ರಸ್ತೆಯ ಬಸ್ಸಿನಲ್ಲಿ ವಾಂತಿ ಬರುವವರಿಗೆ ಇಲ್ಲೂ ಬರುವ ಸಾಧ್ಯತೆ ಹೆಚ್ಚು. ದೊಡ್ಡ ತಪ್ಪೆಂದರೆ ತಲೆಸುತ್ತು ಶುರುವಾದ ಮೇಲೆ ಮಾತ್ರೆ ಹುಡುಕುವುದು. ಆಗ ನುಂಗಿದ್ದು ಹೊಟ್ಟೆಯಲ್ಲೇ ಉಳಿಯುವುದಿಲ್ಲ. ಎವೊಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಪ್ರಮಾಣವನ್ನು ನಿಮ್ಮ ವೈದ್ಯರಲ್ಲೇ ಕೇಳಿ, ಮುಖ್ಯವಾಗಿ ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಕೂಡದು. ಮಂಪರು ತರುತ್ತದೆ, ಮದ್ಯದ ಜೊತೆ ಖಂಡಿತ ಬೇಡ.

ಖಾಲಿ ಹೊಟ್ಟೆಯೂ ತುಂಬಿ ತುಳುಕುವ ಹೊಟ್ಟೆಯೂ ಎರಡೂ ಕೆಟ್ಟವು. ಮೊದಲ ಸಂಜೆ ಬಫೆಯ ಎಣ್ಣೆಯ ಪದಾರ್ಥ ಬಿಟ್ಟು ಇಡ್ಲಿ, ಅನ್ನ, ಒಣ ಬಿಸ್ಕತ್ತು, ಶುಂಠಿ ಚೂರು ಹೀಗೆ ಸ್ವಲ್ಪ ಸ್ವಲ್ಪವೇ ತಿನ್ನಿ. ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು ಬಂದರೆ ಅದು ಮುನ್ಸೂಚನೆ. ಕೂಡಲೇ ಫೋನ್ ಕೆಳಗಿಟ್ಟು ಹಡಗಿನ ನಡುಭಾಗದ ತೆರೆದ ಡೆಕ್‌ಗೆ ಹೋಗಿ ದಿಗಂತದ ಗೆರೆ ನೋಡುತ್ತ ನಿಲ್ಲಿ. ರಾತ್ರಿ ದಿಗಂತ ಕಾಣದು, ಆಗ ಕಣ್ಣು ಮುಚ್ಚಿ ಅಂಗಾತ ಮಲಗುವುದೇ ಮೇಲು. ವಾಂತಿ ನಿಲ್ಲದೆ ನೀರೂ ಉಳಿಯದಿದ್ದರೆ ಬೆಳಗಾಗಲಿ ಎಂದು ಕಾಯದೆ ಹಡಗಿನ ವೈದ್ಯರನ್ನು ಕರೆಸಿ.

ಹಂತ 9: ಗೋವಾದಲ್ಲಿ ಒಂದು ಹಗಲು

ಹಡಗಿನಿಂದ ಇಳಿದು ಗೇಟು ದಾಟಲು ಅರ್ಧ ಗಂಟೆಯಿಂದ ಒಂದು ಗಂಟೆ. ‘ಆಲ್ ಅಬೋರ್ಡ್’, ಅಂದರೆ ಎಲ್ಲರೂ ಹಡಗಿಗೆ ಮರಳಿರಬೇಕಾದ ಸಮಯ ಹೊರಡುವುದಕ್ಕಿಂತ ಒಂದು ಗಂಟೆಯಾದರೂ ಮೊದಲು. ನಡುವೆ ಉಳಿಯುವುದು ಐದಾರು ಗಂಟೆ. ಇದರಲ್ಲಿ ಕಲಂಗುಟ್, ಬಾಗಾ ಎಂದು ಉತ್ತರಕ್ಕೆ ಓಡುವುದೇ ಎಲ್ಲರೂ ಮಾಡುವ ತಪ್ಪು. ವಾಸ್ಕೋದಿಂದ ಅದು ದೂರ, ಮಧ್ಯೆ ಪಣಜಿಯ ವಾಹನದಟ್ಟಣೆ. ಸಮುದ್ರವೇ ಬೇಕೆಂದರೆ ದಾಬೋಲಿಂ ಪಕ್ಕದ ಬೋಗ್ಮಾಲೊ. ಇಲ್ಲವಾದರೆ ಒಂದೇ ದಿಕ್ಕು ಹಿಡಿಯಿರಿ: ಹಳೆ ಗೋವಾದ ಬಾಂ ಜೀಸಸ್ ಬೆಸಿಲಿಕಾ, ಅಲ್ಲಿಂದ ಪ್ರಿಯೋಳದ ಮಂಗೇಶಿ, ಹೊತ್ತಿದ್ದರೆ ಕವಳೆಯ ಶಾಂತಾದುರ್ಗೆ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಬೆಳಿಗ್ಗೆಯೇ ಹಾಕಿಕೊಂಡಿರಿ.

ಓಲಾ, ಊಬರ್ ನೆಚ್ಚಿಕೊಳ್ಳಬೇಡಿ. ಗೋವಾಮೈಲ್ಸ್ ಆ್ಯಪ್ ಅಥವಾ ಮೊದಲೇ ಮಾತಾಡಿದ ಟ್ಯಾಕ್ಸಿ. ದರ ಒಟ್ಟು ದಿನಕ್ಕೋ, ಒಂದು ಕಡೆಗೋ ಎಂದು ಹತ್ತುವ ಮೊದಲೇ ಬಿಡಿಸಿ ಕೇಳಿ. ವಾಸ್ಕೋ, ಬೈನಾ ಕಡೆ ನಮ್ಮ ಉತ್ತರ ಕರ್ನಾಟಕದವರು ಬಹಳ ಜನ, ‘ಎಲ್ಲಿಂದ ಬಂದ್ರಿ ಅಣ್ಣಾರ?’ ಎಂದು ಕೇಳುವ ಚಾಲಕರು ಸಿಕ್ಕರೆ ಆಶ್ಚರ್ಯವಿಲ್ಲ. ಆದರೂ ದರ ಮೊದಲು. ಹಡಗಿನ ಕಂಪನಿಯ ಟೂರ್ ದುಬಾರಿ, ಆದರೆ ಆ ಬಸ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಹಡಗಿನ ಕಾರ್ಡ್ ಮತ್ತು ಮೂಲ ಗುರುತಿನ ಚೀಟಿ ಇಲ್ಲದೆ ಇಳಿಯಬೇಡಿ. ಬಂದರು ಗೇಟಿನಲ್ಲಿ ಎರಡೂ ಕೇಳುತ್ತಾರೆ.

ಹಂತ 10: ಕೊನೆಯ ರಾತ್ರಿ

ಮಲಗುವ ಮೊದಲು ಬಿಲ್ ಪೂರ್ತಿ ನೋಡಿ. ಕುಡಿಯದ ಜ್ಯೂಸು, ಎರಡು ಸಲ ಬಿದ್ದ ವೈಫೈ, ಇವನ್ನೆಲ್ಲ ಆ ರಾತ್ರಿಯೇ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ತೆಗೆಸಬೇಕು. ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಇಳಿದ ಮೇಲಂತೂ ಇಮೇಲ್ ಬರೆಯುತ್ತ ಕೂರಬೇಕು.

ಚೀಟಿ ಕಟ್ಟಿದ ದೊಡ್ಡ ಲಗೇಜನ್ನು ಅವರು ಹೇಳಿದ ಹೊತ್ತಿಗೆ ಕ್ಯಾಬಿನ್ ಹೊರಗಿಟ್ಟರೆ ದಡದಲ್ಲಿ ಸಿಗುತ್ತದೆ. ಇಡುವ ಮೊದಲು ಮರುದಿನದ ಬಟ್ಟೆ, ಚಪ್ಪಲಿ, ಔಷಧಿ, ದಾಖಲೆ ಪಕ್ಕಕ್ಕೆ ತೆಗೆದಿಡಿ. ಎಲ್ಲವನ್ನೂ ತುಂಬಿ ಕಳುಹಿಸಿ ನೈಟಿಯಲ್ಲಿ, ಲುಂಗಿಯಲ್ಲಿ ದಡಕ್ಕಿಳಿದವರು ಕಡಿಮೆಯೇನಿಲ್ಲ. ತಿಜೋರಿ ಬಾಗಿಲು ತೆರೆದಿಟ್ಟೇ ಮಲಗಿ, ಒಳಗೇನೂ ಉಳಿದಿಲ್ಲವೆಂದು ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ.

ಇಳಿಯುವುದು ಡೆಕ್ ಅಥವಾ ಚೀಟಿಯ ಬಣ್ಣದ ಪ್ರಕಾರ ಸರದಿಯಲ್ಲಿ. ಹಡಗು ಏಳಕ್ಕೆ ದಡ ಮುಟ್ಟಿದರೆ ಹತ್ತರ ರೈಲು, ಹನ್ನೊಂದರ ವಿಮಾನ ಹಿಡಿಯುವ ಸಾಹಸ ಬೇಡ. ವಿಮಾನ ಮಧ್ಯಾಹ್ನ ಎರಡರ ನಂತರದ್ದಿರಲಿ. ಪುಣೆಗೆ ಮರಳುವವರು ಸಂಜೆ 5:10ರ ಡೆಕ್ಕನ್ ಕ್ವೀನ್‌ಗೆ ಸೀಟು ಮಾಡಿಸಿ, ಲಗೇಜನ್ನು ಸಿಎಸ್‌ಎಂಟಿಯ ಕ್ಲೋಕ್ ರೂಮಿನಲ್ಲಿಟ್ಟು ಮಾಟುಂಗಕ್ಕೆ ಹೋಗಿ ಬಾಳೆಲೆ ಊಟ ಮಾಡಿ ಬರಬಹುದು. ನಡೆಯುವಾಗ ಇನ್ನೂ ನೆಲ ತೇಲಿದಂತೆ ಅನ್ನಿಸಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ.